ಒಂದು ಹೊತ್ತು ಉಟ್ಟ ಸೀರೆ

ಸೀಮಂತಕ್ಕೆಂದು ಒಂದು ಹೊತ್ತು ಉಟ್ಟು ಬಿಚ್ಚಿದ ರೇಷ್ಮೆ ಸೀರೆ ಬೀರುವಿನ ಬಾಗಿಲಿಗೆ ಬಂದಿತು. ಒಳಗಿದ್ದ ಸೀರೆಗಳು, "ಬೆವರು ತಾಗಿದವಳು ನೀನು, ಆಚೆ ನಿಲ್ಲು!" ಎಂದವು.

ಬಚ್ಚಲಿನ ಬಕೆಟ್ಟು ಕರೆಯಿತು: "ಬಾ ತಂಗಿ, ಸೋಪಿನ ನೀರಲ್ಲಿ ಮುಳುಗು. ಆಮೇಲೆ ಯಾರು ಮಾತಾಡುತ್ತಾರೋ ನೋಡೋಣ."

"ಮುಳುಗಿದರೆ ಬಣ್ಣ ಬಿಡುತ್ತದೆ, ಜರಿ ಕಪ್ಪಾಗುತ್ತದೆ. ಒಂದು ಹೊತ್ತಿನ ಬೆವರಿಗಾಗಿ ನನ್ನನ್ನೇ ಕಳೆದುಕೊಳ್ಳಲೇ?" ಎಂದ ಸೀರೆ, ಪಡಸಾಲೆಯ ಹಗ್ಗದ ಬಳಿ ಹೋಗಿ, "ಅಣ್ಣ, ನೆರಳಲ್ಲಿ ಜಾಗವಿದೆಯೇ?" ಎಂದು ಕೇಳಿತು.

"ಗಾಳಿಯೂ ಇದೆ. ಒಳಮೈ ಹೊರಗೆ ಮಾಡಿ ಹರಡಿಕೋ, ನಾಚಬೇಡ," ಎಂದಿತು ಹಗ್ಗ.

ಸಂಜೆಗೆ ಬೆವರು ಆರಿತು. ಸೀರೆ ಬೀರುವಿಗೆ ಮರಳಿದಾಗ, ವರ್ಷಗಟ್ಟಲೆ ನುಸಿಗುಳಿಗೆಯ ವಾಸನೆ ಕುಡಿದಿದ್ದ ಹಿರಿಯ ಸೀರೆಯೊಂದು ಮೂಗರಳಿಸಿತು.

"ಮುಡಿದ ಮಲ್ಲಿಗೆಯ ಘಮ! ಬಾರೇ ಇಲ್ಲಿ, ಬಸುರಿಗೆ ಯಾವ ಬಳೆ ತೊಡಿಸಿದರು, ಹೇಳು," ಎಂದು ಪಕ್ಕಕ್ಕೆ ಸರಿಯಿತು.