ಮೂವತ್ತೊಂದನೆಯ ದಿನದ ಗರಿ

ಅಳಿಯದ ಅಕ್ಷರವಾಗಿ ನಮ್ಮ ನಾಲಿಗೆಯ ಮೇಲೆ ಕೂತ ಪರಶಿವನಿಗೆ ಶರಣು. ಅವನನ್ನು ತೋರಿಸಿಕೊಟ್ಟ ಗುರುಪಾದಕ್ಕೆ ಶರಣು. ಹೇಳುವ ನನ್ನ ಬಾಯಿ ತಪ್ಪದಿರಲಿ, ಕೇಳುವ ನಿಮ್ಮ ಕಿವಿ ತಂಪಾಗಲಿ.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಮುರುಗಯ್ಯ ಎಂಬ ಗುರುಗಳು. ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಎಂಬತ್ತಾರು ವರ್ಷ. ಕಣ್ಣು ಹೋಗಿತ್ತು, ಕಿವಿ ಮಂದವಾಗಿತ್ತು. ನಗು ಮಾತ್ರ ಹಾಗೇ ಇತ್ತು.

ಆಶ್ರಮದಲ್ಲಿ ಹಳೆಯ ಓಲೆಗರಿಗಳ ಒಂದು ಕಟ್ಟು. ನಾನೂರ ಹನ್ನೆರಡು ಗರಿ. ಯಾವ ಶರಣರು ಬರೆದದ್ದೋ ತಿಳಿಯದು. ದಿನಕ್ಕೊಂದು ಗರಿ ಓದಿಸಿ ಕೇಳಿ, ಅದರ ಅರ್ಥ ಹೇಳಿ, ಆಮೇಲೆಯೇ ಪ್ರಸಾದ ಸ್ವೀಕರಿಸುವುದು ಗುರುಗಳ ನೇಮ. ಗರಿ ಕೇಳದ ದಿನ ಊಟವಿಲ್ಲ.

ಆ ಗರಿಗಳನ್ನು ಬಿಡಿಸಿ ಓದಿ ಕಂಪ್ಯೂಟರಿಗೆ ಇಳಿಸಿದವನು ಶಿಷ್ಯ ನೀಲಕಂಠ. ಮುಟ್ಟಿದರೆ ಪುಡಿಯಾಗುವ ಗರಿ, ಇರುವೆ ಸಾಲಿನಂಥ ಅಕ್ಷರ. ಆಶ್ರಮಕ್ಕೆ ಬಂದ ಎಂಟು ವರ್ಷದಲ್ಲಿ ಏಳು ವರ್ಷ ಅವನಿಗೆ ಅದೇ ಕೆಲಸ, ಅದೇ ಪೂಜೆ.

ಕೊನೆಗೆ ಒಂದು ಬ್ಯಾಚ್ ಫೈಲನ್ನೂ ಬರೆದಿಟ್ಟ. ಬ್ಯಾಚ್ ಫೈಲೆಂದರೆ ಯಂತ್ರಕ್ಕೆ ಬರೆದಿಟ್ಟ ಅಪ್ಪಣೆಗಳ ಪಟ್ಟಿ, ಅಷ್ಟೇ. ಇದನ್ನು ಹುಡುಕು, ಅದನ್ನು ತೆರೆ, ಇದನ್ನು ಮುದ್ರಿಸು. ಯಂತ್ರ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ, ಎದುರಾಡದೆ, ಪಾಲಿಸುತ್ತ ಹೋಗುತ್ತದೆ. ನಾವೂ ಹಾಗಿದ್ದಿದ್ದರೆ ಗುರುಗಳಿಗೆ ಎಷ್ಟು ಸುಖವಿತ್ತು.

ಬೆಳಗ್ಗೆ ಒಂದು ಗುಂಡಿ ಒತ್ತಿದರೆ ಸಾಕು. ಆ ದಿನದ ಗರಿ ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರುತ್ತಿತ್ತು. ನೀಲಕಂಠ ಅದನ್ನು ಹಿಡಿದು ಗುರುಗಳ ಬಲಮಗ್ಗುಲಲ್ಲಿ ಕೂತು ಓದುತ್ತಿದ್ದ. ಆ ಜಾಗ ಅವನಿಗೆ ಕೈಲಾಸವಾಗಿತ್ತು.

ಹೀಗಿರಲು ಫಕ್ಕೀರಪ್ಪ ಬಂದ. ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರನಾಗಿದ್ದು ನಿವೃತ್ತನಾದವನು. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವನು ದಾಸೋಹದ ಮನೆಯಲ್ಲಿ ಪಾತ್ರೆ ತೊಳೆಯುತ್ತ ಉಳಿದುಬಿಟ್ಟ.

ಒಮ್ಮೆ ನೀಲಕಂಠನಿಗೆ ಜ್ವರ ಬಂತು. ಓದಲು ಬೇರೆ ಯಾರೂ ಮುಂದೆ ಬರಲಿಲ್ಲ. ಗುಂಡಿ ಒತ್ತುವುದನ್ನು ಮಲಗಿದಲ್ಲಿಂದಲೇ ಹೇಳಿಕೊಟ್ಟು ಫಕ್ಕೀರಪ್ಪನನ್ನು ಕಳಿಸಿದ. ಎಂಜಿನ್ನಿನ ಸದ್ದಿನ ಮೇಲೆ ಊರ ಹೆಸರು ಕೂಗಿ ಕೂಗಿ ಪಳಗಿದ ಗಂಟಲು ಅದು. ಒಂದೊಂದು ಅಕ್ಷರವೂ ಗುರುಗಳ ಕಿವಿಗೆ ನೆಟ್ಟಗೆ ಹೋಯಿತು.

ಗರಿ ಮುಗಿಯಿತು. ಫಕ್ಕೀರಪ್ಪ ಅಭ್ಯಾಸಬಲದಿಂದ, "ರೈಟ್" ಅಂದುಬಿಟ್ಟ.

ಕೂತವರೆಲ್ಲ ನಾಲಿಗೆ ಕಚ್ಚಿಕೊಂಡರು. ಅದೇನೆಂದು ಗುರುಗಳು ಕೇಳಿದರು. ಅವನು ತಲೆ ಕೆರೆದುಕೊಂಡು ಹೇಳಿದ: "ಕಡೀ ಮನುಷ್ಯಾ ಹತ್ತ್ಯಾನೋ ಇಲ್ಲೋ ಅನ್ನೂದು ಮುಂದ ಕುಂತ ಡ್ರೈವರಗ ಕಾಣೂದಿಲ್ರಿ ಅಜ್ಜಾರ. ಹಿಂದಿನಾಂವ ರೈಟ್ ಅನ್ನೂತನಾ ಗಾಡಿ ಹೊರಡಂಗಿಲ್ಲ."

ಗುರುಗಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮರುದಿನವೂ ರೈಟ್ ಅನಿಸಿದರು, ಮರುದಿನವೂ ನಕ್ಕರು.

ನೀಲಕಂಠ ಜ್ವರ ಬಿಟ್ಟು ಎದ್ದು ಬಂದಾಗ ಗುರುಗಳು ಅವನ ತಲೆ ಸವರಿ, ಇನ್ನು ಮುಂದೆ ಫಕ್ಕೀರಪ್ಪನೇ ಓದಲಿ ಎಂದರು. ನಿನ್ನ ದನಿ ನನ್ನ ಕಿವಿಗೆ ಅರ್ಧ ಬರುತ್ತದೆ, ಅರ್ಧ ನೀನೇ ನುಂಗುತ್ತಿ ಎಂದರು. ಗುಂಡಿ ಒತ್ತುವುದನ್ನೂ ಅವನಿಗೇ ಬಿಡು, ನೀನು ಬೆಳಗ್ಗೆ ಒಂದು ತಾಸು ಹೆಚ್ಚು ಮಲಗು, ಇರುವೆ ಅಕ್ಷರ ನೋಡಿ ನೋಡಿ ಕಣ್ಣು ಸುಟ್ಟುಕೊಂಡಿದ್ದಿ ಎಂದರು.

ತಾಯಿ ಹೇಳುವ ಮಾತದು. ಆದರೆ ನೀಲಕಂಠನ ಕಿವಿಗೆ ಅದರ ಅರ್ಧವೇ ಬಿತ್ತು.

ಅಂದಿನಿಂದ ಅವನು ಓದುವ ಹೊತ್ತಿಗೆ ಹೊರಗೆ ಕಟ್ಟೆಯ ಮೇಲೆ ಕೂರತೊಡಗಿದ. ಒಳಗಿಂದ ದೊಡ್ಡ ದನಿ ಕೇಳುತ್ತಿತ್ತು. ಕೂಡಿಸಿ ಓದಬೇಕಾದ ಪದವನ್ನು ಫಕ್ಕೀರಪ್ಪ ಮುರಿದು ಓದಿದರೆ ನೀಲಕಂಠನಿಗೆ ಒಳಗೊಳಗೇ ಸಂತೋಷ. ಗುರುಗಳು ಅದನ್ನು ಮೆತ್ತಗೆ ತಿದ್ದಿದರೆ ಸಂಕಟ. ಕೊನೆಗೆ ರೈಟ್ ಬರುತ್ತಿತ್ತು, ಅದರ ಬೆನ್ನಿಗೇ ಆ ನಗು.

ಎಂಟು ವರ್ಷದಲ್ಲಿ ನನ್ನ ಯಾವ ಮಾತಿಗೆ ಇವರು ಹೀಗೆ ನಕ್ಕಿದ್ದರು ಎಂದು ಅವನು ನೆನಪು ಕೆದಕುತ್ತಿದ್ದ. ಸಿಗುತ್ತಿರಲಿಲ್ಲ.

ಫಕ್ಕೀರಪ್ಪನಿಗೆ ಇದಾವುದೂ ಗೊತ್ತಿಲ್ಲ. ಒಂದು ದಿನ ಚಹಾದ ಲೋಟ ತಂದುಕೊಟ್ಟು ಹೇಳಿದ: "ರೂಟ್ ಹಾಕಿದಾವರು ನೀವು, ನೀಲಕಂಠಪ್ಪಾರ. ನಾ ಬರೇ ಸ್ಟಾಪ್ ಬಂದಾಗ ಒದರತೀನಿ."

ಗೌರವದ ಮಾತು. ನೀಲಕಂಠ ಅದನ್ನು ಕುಟುಕೆಂದು ತಿಳಿದ. ಚಹಾ ಆರಿತು.

ಅದೇ ವಾರ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಒಂದು ಸಾಧನ ನಿಂತುಹೋಯಿತು. ಮೂವತ್ತು ದಿನ ಬಳಸಿ ನೋಡಿ ಎಂದು ಬಂದದ್ದು. ಮೂವತ್ತು ದಿನ ಕಳೆದ ಮೇಲೆ, ಅವಧಿ ಮುಗಿಯಿತು, ಬೇಕಿದ್ದರೆ ನಮ್ಮನ್ನು ಕೇಳಿ ಎಂದು ಪರದೆಯ ಮೇಲೆ ಬರೆದು ಸುಮ್ಮನಾಯಿತು. ನೀಲಕಂಠ ಆ ಬರಹವನ್ನು ಬಹಳ ಹೊತ್ತು ನೋಡಿದ.

ಆಮೇಲೆ ತನ್ನ ಬ್ಯಾಚ್ ಫೈಲನ್ನು ತೆರೆದು ಮೇಲೆಯೇ ನಾಲ್ಕು ಸಾಲು ಸೇರಿಸಿದ. ಇವತ್ತಿನ ತಾರೀಖು ನೋಡು. ಇಂದಿನಿಂದ ಮೂವತ್ತು ದಿನ ದಾಟಿದ್ದರೆ ಗರಿಯನ್ನು ಹುಡುಕಬೇಡ. ಅದರ ಬದಲು ಈ ಮಾತನ್ನು ಮುದ್ರಿಸು. ನಿಲ್ಲು.

ಮುದ್ರಿಸಬೇಕಾದ ಮಾತು ಇದು:

ಪ್ರಯೋಗದ ಅವಧಿ ಮುಗಿದಿದೆ.
ಮುಂದುವರಿಯಲು ನೀಲಕಂಠನನ್ನು ಕೇಳಿ.

ಯಂತ್ರ ಎದುರಾಡಲಿಲ್ಲ.

ಇಪ್ಪತ್ತೊಂಬತ್ತನೆಯ ದಿನ ಅವನು, ಆಚೆ ದಂಡೆಯ ಚಿಕ್ಕ ಮಠದ ಪುಸ್ತಕ ಜೋಡಿಸಿ ಬರುತ್ತೇನೆಂದು ಗುರುಗಳಿಗೆ ಹೇಳಿ ಹೊರಟ. ಬೇಕಾದರೆ ಕರೆಯಿರೆಂದು ತನ್ನ ಫೋನ್ ನಂಬರನ್ನು ಕಂಪ್ಯೂಟರಿನ ಮೇಲಿನ ಗೋಡೆಗೆ ಬರೆದ. ದಪ್ಪವಾಗಿಯೇ ಬರೆದ.

ಮೂವತ್ತೊಂದನೆಯ ದಿನ ಬೆಳಗಾಯಿತು. ಚಿಕ್ಕ ಮಠದಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಹುಣಸೆ ಮರದ ಬುಡದಲ್ಲಿ ಮಾತ್ರ. ನೀಲಕಂಠ ಮುಖ ತೊಳೆಯದೆ ಅಲ್ಲಿ ಹೋಗಿ ಕೂತ. ಕರೆ ಬಂದಾಗ ಏನನ್ನಬೇಕೆಂದು ಮೊದಲೇ ಹೊಂದಿಸಿಕೊಂಡಿದ್ದ. ಹೌದೇ, ನಿಂತಿತೇ, ಫಕ್ಕೀರಪ್ಪನಿಗೆ ತಿಳಿಯಲಿಲ್ಲವೇ, ಬಂದೆ ತಡೆಯಿರಿ ಎನ್ನಬೇಕು.

ಓದುವ ಹೊತ್ತು ಬಂತು, ಹೋಯಿತು. ಪ್ರಸಾದದ ಹೊತ್ತೂ ಕಳೆಯಿತು. ಫೋನು ಸುಮ್ಮನಿತ್ತು.

ಆಗ ಅವನಿಗೆ ನೇಮ ನೆನಪಾಯಿತು. ಗರಿ ಇಲ್ಲದಿದ್ದರೆ ಊಟವಿಲ್ಲ. ಎಂಬತ್ತಾರು ವರ್ಷದ ಜೀವ. ಎದ್ದು ಹೊಳೆಯ ತನಕ ಹೋದ. ದಂಡೆಯಲ್ಲಿ ನಿಂತ. ಕರೆಯದೆ ಹೋದರೆ ತಾನೇ ಸೋತಂತೆ ಅನಿಸಿತು. ಮರದ ಬುಡಕ್ಕೆ ಮರಳಿದ. ಅವನ ಮುಂದೆ ಇಟ್ಟ ಊಟವೂ ಹಾಗೇ ಉಳಿಯಿತು. ಮತ್ಸರ ಮನುಷ್ಯನನ್ನು ಎಲ್ಲಿ ಕೂರಿಸುತ್ತದೆ ನೋಡಿ, ಶಿವನೇ ಕಾಯಬೇಕು.

ಮರುದಿನ ಹರಿಗೋಲಿನ ತಿರಕಪ್ಪ ಆಚೆಯಿಂದ ಬಂದ. ಅಜ್ಜಾರು ಹೇಗಿದ್ದಾರೆಂದು ನೀಲಕಂಠ ಬೇರೆಲ್ಲೋ ನೋಡುತ್ತ ಕೇಳಿದ.

"ಅವರಿಗೇನಾಗೈತ್ರಿ," ಅಂದ ತಿರಕಪ್ಪ. "ನಿನ್ನೆಯಿಂದ ಒಂದ ಗರಿ ಮ್ಯಾಲ ಎರಡೆರಡು ತಾಸು ಹೇಳಾಕತ್ತಾರ. ಮಂದಿ ಏಳವಲ್ರು. ಫಕ್ಕೀರಪ್ಪ ಏನ್ ಓದತಾನ್ರೀ, ಹೊಳಿ ಈ ಕಡಿತನಾ ಕೇಳತೈತಿ."

ಗುರುಗಳು ಹಸಿದಿಲ್ಲ ಎಂದು ನೀಲಕಂಠನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಯಾರು ಸರಿಮಾಡಿದರು? ತಾನಿಲ್ಲದೆ ಗರಿ ಹೇಗೆ ಬಂತು? ಆ ರಾತ್ರಿಯೂ ಅವನು ಉಣ್ಣಲಿಲ್ಲ. ಮೂರನೆಯ ಬೆಳಗ್ಗೆ ಮೊದಲ ಹರಿಗೋಲಿಗೇ ಹೊಳೆ ದಾಟಿದ.

ಓದುವ ಪಡಸಾಲೆಯಲ್ಲಿ ಜನ ತುಂಬಿದ್ದರು. ಅವನು ಹಿಂದಿನ ಕಂಬಕ್ಕೆ ಒರಗಿ ನಿಂತ.

ಫಕ್ಕೀರಪ್ಪ ಕಾಗದ ಎತ್ತಿ ಹಿಡಿದು ಓದಿದ. "ಪ್ರಯೋಗದ ಅವಧಿ ಮುಗಿದಿದೆ. ಮುಂದುವರಿಯಲು ನೀಲಕಂಠನನ್ನು ಕೇಳಿ. ರೈಟ್."

ನೀಲಕಂಠ ಕಂಬದ ಹಿಂದೆ ಸರಿದ.

"ಮೂರ ದಿನ ಆತ್ರೀ, ಇದ ಗರಿ ಬರಾಕತ್ತೈತಿ," ಅಂದ ಫಕ್ಕೀರಪ್ಪ. "ಮಷಿನ್ ಕೆಟ್ಟಿರಬೇಕು. ನೀಲಕಂಠಪ್ಪಾರಿಗೆ ಫೋನ್ ಹಚ್ಚತೀನಂದ್ರ ಬ್ಯಾಡಂತೀರಿ."

"ಗರಿ ಏನಂದೈತಿ? ಕೇಳು ಅಂದೈತಿ. ಕರಿ ಅಂದಿಲ್ಲ," ಅಂದರು ಗುರುಗಳು.

ಆಮೇಲೆ ಅರ್ಥ ಹೇಳತೊಡಗಿದರು. ಮೊನ್ನೆ ಪ್ರಯೋಗ ಎಂಬ ಮಾತನ್ನು ನೋಡಿದೆವು, ದೇವರು ನಮ್ಮನ್ನು ಈ ಮೈಯಲ್ಲಿಟ್ಟು ನೋಡುವುದೇ ಪ್ರಯೋಗ. ನಿನ್ನೆ ಅವಧಿಯನ್ನು ನೋಡಿದೆವು. ಮುಗಿಯುತ್ತದೆ ಅಂದಿಲ್ಲ, ಮುಗಿದಿದೆ ಅಂದಿದೆ. ಬರೆದವನಿಗೆ ಅವಸರವಿತ್ತು ಎಂದರು. ಜನ ನಕ್ಕರು. ಇವತ್ತು ಕೊನೆಯ ಮಾತು ಎಂದರು.

"ನೀಲಕಂಠಂದ್ರ ಯಾರೋ ಫಕ್ಕೀರಪ್ಪ?"

"ಶಿವ ಅಲ್ಲೇನ್ರಿ."

"ಅವನ ಗಂಟಲ ಯಾಕ ನೀಲಿ ಆತು?"

"ವಿಷಾ ಕುಡದು."

"ಕುಡೀಲಿಲ್ಲೋ. ಕುಡದಿದ್ರ ಒಳಗಿನ ಲೋಕ ಸುಡತಿತ್ತು. ಉಗುಳಿದ್ರ ಹೊರಗಿಂದು ಸುಡತಿತ್ತು. ಗಂಟಲಾಗ ಇಟಗೊಂಡ."

ಫಕ್ಕೀರಪ್ಪ ತುಸು ಯೋಚಿಸಿದ. "ಗಂಟಲಾಗ ವಿಷಾ ಇಟಗೊಂಡು ಮಾತಾಡೂದು ಹೆಂಗ್ರೀ ಅಜ್ಜಾರ? ನನಗ ಒಂದ ಅಡಿಕಿ ಸಿಕ್ಕೊಂಡ್ರ ಟಿಕೆಟ್ ಅನ್ನಾಕ ಬರತಿದ್ದಿಲ್ಲ."

"ಅದನ್ನ ಅವನ್ನ ಕೇಳಬೇಕು. ಅದಕ್ಕ ಮೂರ ದಿನದಿಂದ ಕಾಯಾಕತ್ತೀನಿ."

ನೀಲಕಂಠ ಕಂಬ ಬಿಟ್ಟು ಮುಂದೆ ಬಂದ. ಜನ ದಾರಿ ಬಿಟ್ಟರು. ಗುರುಗಳ ಪಾದದ ಹತ್ತಿರ ಕೂತ. ಹೊಂದಿಸಿಕೊಂಡ ಮಾತೊಂದೂ ನೆನಪಿಗೆ ಬರಲಿಲ್ಲ. ಗಂಟಲು ಕಟ್ಟಿತ್ತು.

"ಅದು ಗರಿ ಅಲ್ರೀ ಅಜ್ಜಾರ," ಅಂದ ಕೊನೆಗೆ. "ನಾನ ಬರದದ್ದು."

ಫಕ್ಕೀರಪ್ಪ ಕಾಗದವನ್ನು ತಿರುಗಿಸಿ ಹಿಂದುಮುಂದು ನೋಡಿದ.

"ಮೊದಲನೇ ದಿನಾನ ಗೊತ್ತಾತು," ಅಂದರು ಗುರುಗಳು. "ಇನ್ನೂರ ನಲವತ್ತು ಗರಿ ಕೇಳೀನಿ. ಬರದಾವರು ಒಂದ ಕಡೇನೂ ತಮ್ಮ ಹೆಸರ ಹೇಳಿಲ್ಲ. ಇದರಾಗ ಎರಡನೇ ಸಾಲಿಗೆ ಹೆಸರ ಬಂತು."

ನೀಲಕಂಠ ತಲೆ ಎತ್ತಲಿಲ್ಲ. ಈ ಮನುಷ್ಯನ ಮಾತಿಗೆ ನೀವು ನಗುವುದನ್ನು ಕೇಳಲಾರದೆ ಹೀಗೆ ಮಾಡಿದೆ ಎಂದು ಎಲ್ಲರೆದುರು ಹೇಳಿಬಿಟ್ಟ. ನಿಮ್ಮ ಊಟ ತಪ್ಪಬಹುದೆಂದು ಗೊತ್ತಿದ್ದೂ ಮರದ ಬುಡದಲ್ಲಿ ಕೂತಿದ್ದೆ ಎಂಬುದನ್ನೂ ಹೇಳಿದ. ಅದನ್ನು ಹೇಳುವಾಗ ದನಿ ಬಹಳ ಸಣ್ಣದಾಯಿತು. ಆದರೂ ಗುರುಗಳು ಇನ್ನೊಮ್ಮೆ ಹೇಳೆನ್ನಲಿಲ್ಲ.

ಅವರು ಕೈ ಚಾಚಿ ಅವನ ತಲೆ ಹುಡುಕಿದರು.

"ಎಷ್ಟ ದಿನ ಕೊಟ್ಟಿದ್ದಿ?"

"ಮೂವತ್ತು, ಅಜ್ಜಾರ."

"ನೀ ಇಲ್ಲಿಗೆ ಬಂದ ದಿನ ನಾ ನಿನಗ ಎಷ್ಟ ಕೊಟ್ಟಿದ್ದೆ?"

ನೀಲಕಂಠ ಆ ದಿನವನ್ನು ನೆನೆದ. ಒದ್ದೆ ಬಟ್ಟೆಯಲ್ಲಿ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಾ ಎಂದಿದ್ದರು. ಅಷ್ಟೇ.

"ಎಷ್ಟಂತ ಹೇಳಲಿಲ್ರಿ."

ಗುರುಗಳು ಹೂಂ ಅಂದರು. ಆಮೇಲೆ ಕೇಳಿದರು: "ಗರಿ ಕೇಳಿದೆ, ಎರಡೂ ದಿನ ನಾ ಉಂಡೆ. ನೀ ಉಂಡಿಯೇನು?"

ನೀಲಕಂಠ ಎದ್ದು ಒಳಗೆ ಹೋದ. ಬ್ಯಾಚ್ ಫೈಲು ತೆರೆದ. ಆ ನಾಲ್ಕು ಸಾಲನ್ನು ಅಳಿಸಿದ. ಗೋಡೆಯ ಮೇಲಿನ ನಂಬರನ್ನೂ ಒದ್ದೆ ಬಟ್ಟೆಯಿಂದ ಒರೆಸಿದ. ಗುಂಡಿ ಒತ್ತಿದ. ಇನ್ನೂರ ನಲವತ್ತೊಂದನೆಯ ಗರಿ ಕಾಗದದ ಮೇಲೆ ಬಂತು.

ತಂದು ಫಕ್ಕೀರಪ್ಪನ ಕೈಗೆ ಕೊಟ್ಟ.

ನೀವೇ ಓದಿರಿ, ನಿಮ್ಮ ಜಾಗ ಇದು ಎಂದು ಫಕ್ಕೀರಪ್ಪ ಎದ್ದು ನಿಂತ. ನೀಲಕಂಠ ಅವನ ಭುಜ ಹಿಡಿದು ಕೂರಿಸಿದ.

"ಅಜ್ಜಾರಿಗೆ ಕೇಳಬೇಕಲ್ಲ," ಅಂದ. "ನೀವ ಓದ್ರಿ."

ತಾನು ಹಿಂದೆ ಹೋಗಿ, ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ತಿರ ಕೂತ.

ಫಕ್ಕೀರಪ್ಪ ಓದಿದ. ಅಂದು ಒಂದು ಪದವನ್ನೂ ಮುರಿಯಲಿಲ್ಲ. ಗರಿ ಮುಗಿಯಿತು. ತುಟಿಯ ತನಕ ಬಂದ ಮಾತನ್ನು ಅವನು ನೀಲಕಂಠನ ಕಡೆ ನೋಡಿ ನುಂಗಿಕೊಂಡ.

ಹೊಳೆಯ ಸದ್ದು ಕೇಳುತ್ತಿತ್ತು. ಗುರುಗಳು ಕಿವಿಯನ್ನು ಬಾಗಿಲ ಕಡೆ ತಿರುಗಿಸಿ ಕಾದರು.

"ನೀಲಕಂಠಾ, ಹಿಂದ ಕುಂತಾಂವ ನೀನು. ನೀನ ಅನ್ನಪಾ, ಗಾಡಿ ನಿಂತೈತಿ."

ಓದಿದವರಿಗೆ, ಕೇಳಿದವರಿಗೆ, ಕಂಬದ ಹಿಂದೆ ನಿಂತು ಕೇಳಿದವರಿಗೂ ಶಿವನು ಒಳಿತು ಮಾಡಲಿ. ಯಾರ ಗಂಟಲೂ ಕಟ್ಟದಿರಲಿ, ಯಾರ ಎಲೆಯೂ ಬರಿದಾಗದಿರಲಿ.