ಶೋರೂಮಿನ ಮುಂದೆ ಬ್ಯಾಂಡು

ಕುಷ್ಟಗಿಯ ಬ್ಯಾಂಡ್ ಮಾಸ್ತರ ಯಮನೂರಪ್ಪ ಮುಂಗಡ ಕೊಟ್ಟು ಒಂದು ಕೆಂಪು ಬೈಕು ಕಾದಿರಿಸಿದ್ದ. ಆಯುಧಪೂಜೆಯ ದಿನ ಗಾಡಿ ತರಲು ಕುಣಿಯುತ್ತ ಹೋದರೆ, ಶೋರೂಮಿನ ಮಾಲೀಕ ಗುರುಶಾಂತಪ್ಪ ಅದನ್ನು ಗುತ್ತಿಗೆದಾರನೊಬ್ಬನಿಗೆ ಆಗಲೇ ಮಾರಿಬಿಟ್ಟಿದ್ದ!

“ಮೊದಲು ಮುಂಗಡ ಕೊಟ್ಟಾವ ನಾನಲ್ಲೇನ್ರಿ ಸಾಹುಕಾರ್ರ?”

“ಆಗಿದ್ದು ಆಗಿಹೋತು. ಬೇಕಾದ್ರ ಗ್ರಾಹಕರ ಕೋರ್ಟಿಗೆ ಹೋಗು,” ಎಂದು ಗುರುಶಾಂತಪ್ಪ ಮೀಸೆ ತಿರುವಿದ.

“ಹೋಗ್ತೀನ್ರಿ. ಅದಕ್ಕೂ ಮೊದಲು ಸಣ್ಣದೊಂದು ಕಾರ್ಯ ಐತಿ.”

ಯಮನೂರಪ್ಪ ಹೋಗಿ ತನ್ನ ಇಡೀ ಮೇಳವನ್ನೇ ಕರೆತಂದ. ಶೋರೂಮಿನ ಬಾಗಿಲಲ್ಲೇ ಡೋಲು, ತುತ್ತೂರಿ ಮೊಳಗಿದವು. ಹಬ್ಬದ ಜನ ಮುಗಿಬಿದ್ದು, “ಯಾರ ಮದುವೀನೋ ಮಾಸ್ತರ?” ಎಂದರು.

“ನನಗ ನಿಶ್ಚಯ ಆಗಿದ್ದ ಕೆಂಪು ಗಾಡೀದು! ಸಾಹುಕಾರ್ರು ಬ್ಯಾರೇದವರಿಗೆ ಧಾರೆ ಎರದಾರ. ನಾನೂ ನಾಕು ಅಕ್ಕಿಕಾಳು ಹಾಕಾಕ ಬಂದೀನಿ!”

ಜನ ಬಿದ್ದುಬಿದ್ದು ನಕ್ಕರು. ಒಳಗೆ ಗಾಡಿಗಾಗಿ ಕಾದಿದ್ದವರು ಮಾತ್ರ ನಗಲಿಲ್ಲ, ಧಡಕ್ಕನೆ ಎದ್ದು ನಿಂತರು. “ನಮ್ಮ ಗಾಡೀನೂ ಹಿಂಗ ಮಾರೀರೇನು? ಮುಂಗಡ ವಾಪಸ್ ಕೊಡ್ರಿ!”

ಗುರುಶಾಂತಪ್ಪ ಬಾಗಿಲಿಗೆ ಓಡಿಬಂದ. ಅಲ್ಲೇ ನಿಂತಿದ್ದ ಹೆಚ್ಚು ಬೆಲೆಯ ಬೈಕಿನ ಕೀಲಿಯನ್ನು ಯಮನೂರಪ್ಪನ ಕೈಗೆ ತುರುಕಿ, “ಹಳೇ ರೇಟಿಗೇ ಒಯ್ಯಿ ಮಾರಾಯ, ಬ್ಯಾಂಡೊಂದು ನಿಲ್ಲಿಸು!” ಎಂದು ಅಂಗಲಾಚಿದ.

ಯಮನೂರಪ್ಪ ಬೈಕಿನ ಮೇಲೆ ಜಿಗಿದು ಕೂತ. “ನಿಲ್ಲಿಸೋದು ಹ್ಯಾಂಗ್ರಿ? ಇಷ್ಟೊತ್ತು ಬಾರಿಸಿದ್ದು ದುಃಖಕ್ಕ. ಖುಷೀದು ಈಗ ಶುರು!”