ಮದುಮಗನ ಕ್ಷೌರದ ಹಾಡು

ನಿರಾಶ್ರಿತರ ಶಿಬಿರದ ಒಂದು ಮಾಳಿಗೆಯ ಮೇಲೆ ಎಲ್ಲರಿಗೂ ಚಿಕ್ಕಮ್ಮನಂತಿದ್ದ ವಿದಾದ್ ಖಾಲಾ ಹಾಡಿನ ಪಾಠ ಹೇಳುತ್ತಿದ್ದರು. ಪ್ಯಾಲೆಸ್ತೀನಿನ ಅವರ ಊರನ್ನು ನೆಲಸಮ ಮಾಡಿ ಎಷ್ಟೋ ವರ್ಷವಾಗಿತ್ತು. ಊರಿನ ಹಾಡುಗಳು ಮಾತ್ರ ಖಾಲಾರ ಕೊರಳಲ್ಲಿ, ಅವರ ಊದ್ ವಾದ್ಯದ ತಂತಿಗಳಲ್ಲಿ ಉಳಿದಿದ್ದವು.

ಶಿಷ್ಯ ಇಯಾದನಿಗೆ ಮದುಮಗನ ಹಾಡಿನ ಕೊನೆಯ ಚರಣ ಬೇಕಿತ್ತು. ಅದನ್ನು ಬಲ್ಲವರು ಲೋಕದಲ್ಲಿ ಖಾಲಾ ಒಬ್ಬರೇ. ಅವರಿಗೋ ಎಂಬತ್ತು ದಾಟಿತ್ತು.

"ನಿನ್ನೆ ನಗರದ ಸಭೆಯಲ್ಲಿ ಮದುಮಗನ ಹಾಡನ್ನ ನನಗೆ ಬರುವಷ್ಟು ಹಾಡಿದೆ, ಖಾಲಾ. ಪರದೇಶದವರೂ ಬಂದಿದ್ದರು. ಎಲ್ಲರೂ ಅತ್ತುಬಿಟ್ಟರು!"

"ಅತ್ತರಾ? ಹಾಗೇ ಹಾಡು, ನೋಡೋಣ."

ಇಯಾದ್ ಊದನ್ನು ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ, ಎಳೆದೆಳೆದು ಹಾಡಿದ. ಎರಡನೇ ಸಾಲಿಗೇ ದನಿ ನಡುಗಿಸಿದ.

ಅಷ್ಟೇ ಸಾಕಾಯಿತು. ಖಾಲಾ ಊದನ್ನು ಕಿತ್ತುಕೊಂಡರು.

"ಈ ಹಾಡಲ್ಲಿ ಏನು ನಡೀತಿದೆಯೋ?"

"ಮದುವೆ ದಿನ ಮದುಮಗನಿಗೆ ಕ್ಷೌರ. ಗೆಳೆಯರು ಸುತ್ತ ನಿಂತು ಕ್ಷೌರದವನನ್ನ ಛೇಡಿಸ್ತಿದ್ದಾರೆ."

"ಗಡ್ಡ ಬೋಳಿಸೋದಕ್ಕೆ ಯಾರಾದ್ರೂ ಗೋಳೋ ಅಂತ ಅಳ್ತಾರೇನೋ, ಮುಟ್ಠಾಳ?"

ಇಯಾದನಿಗೆ ಮೈಯೆಲ್ಲ ಉರಿಯಿತು. "ಊರೇ ಇಲ್ಲ, ಖಾಲಾ! ಹೇಗೆ ನಗಲಿ? ನೆನೆದರೆ ರಕ್ತ ಕುದಿಯುತ್ತೆ!"

"ಕುದೀಲಿ. ನನ್ನದೇನು ತಣ್ಣಗಿದೆಯಾ? ಅದಕ್ಕೆ ನಮ್ಮ ಮದುಮಗನನ್ನ ಸಭೆಯವರ ಕಣ್ಣೆದುರೇ ಹೂತುಹಾಕ್ತೀಯಾ? ಆ ಜನ ಅತ್ತರು, ಮೂಗು ಒರೆಸಿಕೊಂಡರು, ಮನೆಗೆ ಹೋಗಿ ಉಂಡು ಮಲಗಿದರು."

ಸಿಟ್ಟಿನಲ್ಲೇ ಒಳಗೆ ಹೋಗಿ ಸೋಪಿನ ಬಟ್ಟಲು, ಗಂಡನ ಹಳೇ ಕ್ಷೌರದ ಕತ್ತಿ ತಂದರು. ಅವನನ್ನು ಕುರ್ಚಿಯಲ್ಲಿ ಕೂರಿಸಿ ಕೆನ್ನೆಗೆಲ್ಲ ನೊರೆ ಬಳಿದರು.

"ಈಗ ಹಾಡು, ನಿನ್ನ ಆ ಹಾಡನ್ನ. ಹಾಡು ಮುಗಿದ ಮೇಲೇ ಕತ್ತಿ."

ಅವನೂ ಹಟಕ್ಕೆ ಬಿದ್ದು ಎಳೆದೆಳೆದೇ ಹಾಡಿದ. ಬಿಸಿಲು ಚುರುಗುಟ್ಟುತ್ತಿತ್ತು. ಹಾಡು ಮುಗಿಯುವಷ್ಟರಲ್ಲಿ ನೊರೆ ಒಣಗಿ ಪುಡಿಯಾಗಿತ್ತು. ಖಾಲಾ ಒಣ ಕೆನ್ನೆಯ ಮೇಲೆ ಕತ್ತಿ ಎಳೆದರು.

"ಅಯ್ಯಯ್ಯೋ!"

"ಉರೀತಾ? ಮದುಮಗನಿಗೂ ಹೀಗೇ ಮಾಡಿದೆ ನೀನು." ಮತ್ತೆ ನೊರೆ ಬಳಿದರು. "ಹಾಡು. ಈ ಸಲ ಹಾಡಿನ ಜೊತೆಗೇ ಕತ್ತಿ."

ಇಯಾದ್ ಹಲ್ಲು ಕಡಿದ. ಇದ್ದಬದ್ದ ಸಿಟ್ಟನ್ನೆಲ್ಲ ದನಿಗೆ ತುಂಬಿ, ಕುರ್ಚಿಯ ತೋಳಿಗೆ ಗುದ್ದುತ್ತ ಹಾಡಿದ. ಕತ್ತಿ ಅವನ ತಾಳಕ್ಕೇ ಸರಸರ ಓಡಿತು. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಚಪ್ಪಾಳೆ ತಟ್ಟತೊಡಗಿದಳು. ಆಚೆಯಿಂದ ಇನ್ನೊಬ್ಬಳು ಮದುವೆಮನೆಯ ಹಾಗೆ ನಾಲಗೆ ಹೊರಳಿಸಿ ಹರ್ಷದ ಕೇಕೆ ಹಾಕಿದಳು. ಇಯಾದನ ಕಣ್ಣಲ್ಲಿ ನೀರು ಬಂತು. ತಾಳ ಮಾತ್ರ ಬಿಡಲಿಲ್ಲ.

ಖಾಲಾ ಅವನ ಮುಖ ಒರೆಸಿದರು.

"ಕೊನೇ ಚರಣ, ಖಾಲಾ," ಅಂದ ಏದುಸಿರು ಬಿಡುತ್ತ. "ಈಗಲಾದರೂ ಹೇಳಿಕೊಡಿ."

ಖಾಲಾ ಊದಿನ ತಂತಿ ಬಿಗಿ ಮಾಡಿದರು.

"ಅದು ಮದುಮಗ ಕುರ್ಚಿ ಬಿಟ್ಟು ಎದ್ದ ಮೇಲೆ ಹಾಡೋದು. ಏಳು."